ಓನರ್ ಅಜ್ಜ ಹಾಕಿದ ದಪ್ಪ ಪೈಪು

ಇವತ್ತು ಬೆಳಿಗ್ಗೆ ಈ ಚಳಿಗಾಲಕ್ಕೆ ಮೊದಲ ಸಲ ಹೀಟಿಂಗ್ ಹಾಕಿದೆ. ಬೇಸಿಗೆಯಿಡೀ ರೇಡಿಯೇಟರಿನ ಮೇಲೆ ಕೂತಿದ್ದ ಧೂಳು ಕಾದು, ಸುಟ್ಟ ವಾಸನೆ ಮನೆ ತುಂಬಿತು. ಆ ವಾಸನೆಗೆ ಓನರ್ ಅಜ್ಜ ನೆನಪಾದರು…

ಬೆಸ್ಟ್ ಎಂಬ ಡಚ್ ಊರಿಗೆ ಬಂದ ಹೊಸತರಲ್ಲಿ ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು, ನನ್ನ ಗಂಡ, ಮೂರು ತಿಂಗಳ ಮಗಳು. ಕೆಳಗೆ ಅಜ್ಜ ಮತ್ತು ಅವರ ಹೆಂಡತಿ. ಅಜ್ಜಿ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದರು.

ನಮ್ಮ ಕೋಣೆ ಬೆಚ್ಚಗಾಗುವುದಿಲ್ಲವೆಂದು ಮೊದಲ ಚಳಿಗೇ ತಿಳಿಯಿತು. ಕೆಳಗಿನ ರೇಡಿಯೇಟರುಗಳು ಕೈ ಇಡಲಾಗದಷ್ಟು ಬಿಸಿ, ನಮ್ಮದು ಬರೀ ಉಗುರುಬೆಚ್ಚಗೆ. ಮಗುವಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಮಲಗಿಸಿದರೂ ಮೂಗಿನ ತುದಿ ತಣ್ಣಗಿರುತ್ತಿತ್ತು. ನನ್ನ ಗಂಡ ಕೆಳಗೆ ಹೋಗಿ ಬಾಯ್ಲರ್ ನೋಡಿ ಬಂದ.

"ನೀರು ತಳ್ಳೋ ಪಂಪ್ ಒಂದನೇ ಸ್ಪೀಡಲ್ಲಿದೆ ಕಣೇ. ಮೂರಕ್ಕೆ ಇಟ್ರೆ ಮೇಲಕ್ಕೂ ಸರಿಯಾಗಿ ಬರುತ್ತೆ. ಕೇಳೋಣ ಬಾ."

ಕೇಳಿದಾಗ ಅಜ್ಜ ತಲೆ ತಗ್ಗಿಸಿದರು. ತಮ್ಮ ಮಗಳು ಚಿಕ್ಕವಳಿದ್ದಾಗ ಆ ಕೋಣೆಗೆ ಅವರೇ ಪೈಪು ಎಳೆದಿದ್ದರಂತೆ, ಕೈಗೆ ಸಿಕ್ಕ ಸಣ್ಣ ಪೈಪು. ಅಷ್ಟು ಸಣ್ಣದರಲ್ಲಿ ಸಾಕಷ್ಟು ನೀರು ಹೋಗಬೇಕಾದರೆ ಪಂಪು ಜೋರಾಗಿ ತಳ್ಳಬೇಕು. ಜೋರಾಗಿ ತಳ್ಳಿದರೆ ನೀರು ಸುಯ್ಯೆಂದು ಸದ್ದು ಮಾಡುತ್ತದೆ. ಆ ಪೈಪು ಹೋಗಿದ್ದು ಅಜ್ಜಿಯ ತಲೆದೆಸೆಯ ಗೋಡೆಯಲ್ಲಿ. ಸ್ಟ್ರೋಕ್ ಆದ ಮೇಲೆ ಆ ಸದ್ದು ಕೇಳಿದರೆ ಅವರು ಕಿವಿ ಮುಚ್ಚಿಕೊಂಡು ಅಳುತ್ತಿದ್ದರಂತೆ. ದಪ್ಪ ಪೈಪು ಹಾಕೋಣವೆಂದರೆ ಗೋಡೆ ಒಡೆಯಬೇಕು. ಅವರು ಅಲ್ಲಿ ಮಲಗಿರುವಾಗ ಅದೂ ಆಗದು.

"ಹಾಗಾದ್ರೆ ನಮ್ಮ ಮಗು ಅಳೋದು ಅವರಿಗೆ ತೊಂದರೆ ಆಗ್ತಿದೆಯಾ?" ಎಂದೆ ಸಂಕೋಚದಿಂದ.

"ಇಲ್ಲ, ಅದು ಬೇಕು ಅವಳಿಗೆ," ಎಂದರು ತಮ್ಮ ತಡವರಿಸುವ ಇಂಗ್ಲಿಷಿನಲ್ಲಿ. "ಮಗು ಅತ್ತಾಗ ಕಣ್ಣು ಬಿಟ್ಟು ಮೇಲೆ ನೋಡ್ತಾಳೆ."

ಅಂದು ಸಂಜೆ ತಮ್ಮ ಹಾಲ್‌ನಲ್ಲಿದ್ದ ಕರೆಂಟ್ ಹೀಟರ್ ತಂದು ನಮ್ಮ ಬಾಗಿಲಲ್ಲಿಟ್ಟು ಹೋದರು. ನಾವು ಮತ್ತೆ ಪಂಪಿನ ಮಾತೆತ್ತಲಿಲ್ಲ.

ಫೆಬ್ರವರಿಯಲ್ಲಿ ಅಜ್ಜಿ ಹೋದರು. ಮಣ್ಣು ಮಾಡಿ ಬಂದ ಮಾರನೆಯ ದಿನ ಗೋಡೆಯೊಳಗೆ ಒಮ್ಮೆಲೇ ನೀರಿನ ಸದ್ದು ಎದ್ದಿತು. ರೇಡಿಯೇಟರ್ ಮುಟ್ಟಿದರೆ ಸುಡುಬಿಸಿ. ಕೆಳಗಿಳಿದು ಹೋದೆ. ಅಜ್ಜ ಬಾಯ್ಲರ್ ಮುಂದೆ ನಿಂತಿದ್ದರು.

"ಮೂರಕ್ಕೆ ಇಟ್ಟಿದ್ದೀನಿ. ಇನ್ನು ಯಾರಿಗೂ ತೊಂದರೆಯಿಲ್ಲ. ಮಗು ಬೆಚ್ಚಗಿರಲಿ."

ಚಳಿಗಾಲವಿಡೀ ಹಂಬಲಿಸಿದ್ದ ಬಿಸಿ ಅದು. ಆದರೆ ಆ ಸದ್ದು ಕೇಳುತ್ತ ಕೂರುವುದು ನಮಗೇ ಕಷ್ಟವಾಯಿತು. ಅವರಿಗೆ ಹೇಗಾಗುತ್ತಿತ್ತೋ…

ಏಪ್ರಿಲಿನಲ್ಲಿ, ಇನ್ನೂ ಥಂಡಿಯಿರುವಾಗಲೇ, ಅವರು ಖಾಲಿಯಾಗಿದ್ದ ಅಜ್ಜಿಯ ಕೋಣೆಯ ಗೋಡೆ ಒಡೆದು ದಪ್ಪ ಪೈಪು ಹಾಕಿದರು. ಸಹಾಯಕ್ಕೆ ಯಾರನ್ನೂ ಕರೆಯಲಿಲ್ಲ. ಮುಗಿದ ಮೇಲೆ ಪಂಪನ್ನು ಮತ್ತೆ ಒಂದಕ್ಕಿಟ್ಟು ನಮ್ಮನ್ನು ಕೂಗಿದರು. ಮೇಲೆ ರೇಡಿಯೇಟರ್ ಚೆನ್ನಾಗಿ ಕಾದಿತ್ತು. ಗೋಡೆಗೆ ಕಿವಿಯಿಟ್ಟರೂ ಸದ್ದಿಲ್ಲ. ಅಜ್ಜ ಅಜ್ಜಿಯ ಮಂಚದ ಅಂಚಿನಲ್ಲಿ ಕೂತುಬಿಟ್ಟರು.

"ಎರಡು ದಿನದ ಕೆಲಸ," ಎಂದರು. "ಆ ಸದ್ದು ಮೊದಲಿಂದಲೂ ಅವಳಿಗೆ ಆಗ್ತಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಹೇಳ್ತಿದ್ಲು, ಬದಲಾಯಿಸು ಅಂತ."

ನನ್ನ ಗಂಡ ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಪಕ್ಕಕ್ಕಿಟ್ಟ.

ಆಮೇಲೆ ಅವರು ಮನೆ ಮಾರಿ ದ ಹೇಗ್‌ನಲ್ಲಿರುವ ಮಗಳ ಜೊತೆಗಿರಲು ಹೋದರು. ನಾವೂ ಬೇರೆ ಮನೆ ಹಿಡಿದೆವು. ವರ್ಷಕ್ಕೊಮ್ಮೆ ರೈಲು ಹತ್ತಿ ನೋಡಿಬರುತ್ತಿದ್ದೆವು. ಸಲದಿಂದ ಸಲಕ್ಕೆ ಅವರ ಮಾತು ಕಡಿಮೆಯಾಗುತ್ತ ಬಂತು… ಈ ಮಾರ್ಚಿನಲ್ಲಿ ಅವರೂ ತೀರಿಕೊಂಡರು. ಅಂತ್ಯಕ್ರಿಯೆ ಮುಗಿದು ಬಂದವರಿಗೆಲ್ಲ ಕಾಫಿ, ಕೇಕು ಕೊಡುತ್ತಿದ್ದಾಗ ನಮ್ಮ ಮಗಳು ನನ್ನ ಕೋಟು ಜಗ್ಗಿದಳು.

"ಅಮ್ಮಾ, ವಾಸ್ ಹೀ ನಮ್ಮ ಅಜ್ಜ?"

"ಹೂಂ," ಎಂದೆ.

ಈಗ ದ ಹೇಗ್‌ಗೆ ಹೋಗಲು ನಮಗೆ ಕಾರಣವೇ ಉಳಿದಿಲ್ಲ.