ವೀರ್ಯಾಣು ಎಣಿಸುವ ಗುಲನಾಜ

ಬೆಳಗಿನ ಆರೂವರೆ. ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗುಲನಾಜ ಲ್ಯಾಬಿನ ಶಟರ್ ಎತ್ತುವಷ್ಟರಲ್ಲಿ ದೇವರ ಹಿಪ್ಪರಗಿಯ ಮೊದಲ ಬಸ್ಸು ಬಂದಿದೆ. ಅದರಿಂದ ಇಳಿದ ರೈತನೊಬ್ಬ ಟವೆಲಿನಡಿ ಮುಚ್ಚಿಟ್ಟುಕೊಂಡಿದ್ದ ಥರ್ಮಾಸನ್ನು ಮೇಜಿನ ಮೇಲಿಡುತ್ತಾನೆ. ಒಳಗೆ ಮಂಜುಗಡ್ಡೆ, ಅದರ ನಡುವೆ ಪರೀಕ್ಷೆಗೆ ತಂದ ವೀರ್ಯದ ಡಬ್ಬಿ.

"ಆಕಳಿಗೆ ಹಾಕೋದು ಥಣ್ಣಗ ಇಟ್ಕೊಂಡ ತರ್ತಾರಲ್ರಿ ಅಕ್ಕಾರ," ಎನ್ನುತ್ತಾನೆ, ನೆಲ ನೋಡುತ್ತ.

ಗುಲನಾಜ ನಗು ನುಂಗಿಕೊಳ್ಳುತ್ತಾರೆ. ಈ ಬಾಗಿಲವರೆಗೆ ಬರುವ ಗಂಡಸರೇ ಅಪರೂಪ. ಹೆಂಡತಿಯ ಕೈಲಿ ಡಬ್ಬಿ ಕಳಿಸಿ ಚಹಾದಂಗಡಿಯಲ್ಲಿ ಕೂರುವ ಶೂರರೇ ಹೆಚ್ಚು. "ಥಂಡಿಗೆ ಎಲ್ಲಾ ಸತ್ತ ಹೋಗಿರ್ತಾವ್ರಿ ಅಣ್ಣಾರ. ಮೂರ ದಿನ ಬಿಟ್ಟ ಬರ್ರಿ. ಇಲ್ಲೇ ಖೋಲಿ ಐತಿ, ಇಲ್ಲೇ ಕೊಡ್ರಿ."

ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ನಾಲ್ಕೈದು ಡಬ್ಬಿ, ಒಂದೊಂದರಲ್ಲೂ ಇನ್ನೂರು ವೀರ್ಯಾಣುಗಳ ಎಣಿಕೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದಲೂ ಜನ ಬರುತ್ತಾರೆ, ಊರವರ ಕಣ್ಣು ತಪ್ಪಿಸಿ. ವರದಿಯ ಕೆಳಗಿನ ಸಹಿ ಮಾತ್ರ ಡಾಕ್ಟರದು.

ಕೆಲವರ ವೀರ್ಯಾಣುಗಳಿಗೆ ಬಾಲವೇ ಮೊಂಡು. ಅಂಥವರಿಗೆ ಗುಲನಾಜ ಕುರ್ಚಿ ಎಳೆದು ಕೂರಿಸಿ ಹೇಳುತ್ತಾರೆ: "ವೀರ್ಯಾಣು ಬೆಳಿಯೂ ಮುಂದ ಒಳಗ ಪ್ರೋಟೀನಿನ ಎಳಿಗಳದೊಂದು ಹಂದರ ಕಟ್ಕೋತೈತ್ರಿ. ತಲಿಗೆ ಆಕಾರ, ಬಾಲಕ್ಕ ಬಲ, ಎಲ್ಲಾ ಅದರಿಂದನ. ಹಂದರ ನೆಟ್ಟಗಾಗಲಿಲ್ಲಂದ್ರ ಬಾಲ ಬೆಳೆಯಂಗಿಲ್ಲ, ಈಜಾಕ ಆಗಂಗಿಲ್ಲ. ಕೆಲವ್ರಿಗೆ ಇದು ಹುಟ್ಟಾ ಬಂದಿರ್ತೈತಿ. ಗಂಡಸ್ತನಕ್ಕೇನೂ ಕಡಿಮಿಲ್ಲ."

ಈ ಮಾತನ್ನು ಅವರು ಕಲಿತದ್ದು ಒಂಬತ್ತು ವರ್ಷದ ಹಿಂದೆ, ವಿಜಯಪುರದ ಡಾಕ್ಟರೊಬ್ಬರಿಂದ. ಕೇಳಿದ್ದು ತಮ್ಮ ಮನೆಯ ಸಲುವಾಗಿಯೇ. ಅಂದು ಸೂಕ್ಷ್ಮದರ್ಶಕದಡಿ ಇದ್ದದ್ದು ಗಂಡ ಅಮೀನುದ್ದೀನರ ಸ್ಲೈಡು. ಗುಲನಾಜ ಎಣಿಸಿದರು, ಕೈ ತೊಳೆದು ಬಂದು ಮತ್ತೆ ಎಣಿಸಿದರು. ಉದ್ದ ಬಾಲದ್ದು ಒಂದೂ ಸಿಗಲಿಲ್ಲ.

ಸೂಜಿಯಿಂದ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸುವ ಚಿಕಿತ್ಸೆ ಎರಡು ಸಲ ಆಯಿತು, ಎರಡೂ ಸಲ ಕೈಗೂಡಲಿಲ್ಲ. ಅತ್ತೆ ರಾಜಬಿಗೆ ಅಮೀನುದ್ದೀನರು ಹೇಳಿದ್ದು, ಸೊಸೆಗೇ ಏನೋ ತೊಂದರೆ ಎಂದು. ಅಂದಿನಿಂದ ನೆಂಟರ ಮನೆಯ ತೊಟ್ಟಿಲಿಗೆ ಕೂಸು ಹಾಕುವಾಗ ಅತ್ತೆ ಸೊಸೆಯನ್ನು ಹಿಂದೆ ನಿಲ್ಲಿಸುತ್ತಾರೆ. ಗುಲನಾಜ ಕೂಸಿನ ಅಳು ಕೇಳಿಸಿಕೊಂಡು ಬರುತ್ತಾರೆ, ಮುಖ ನೋಡಿರುವುದಿಲ್ಲ.

"ಮಕ್ಕಳ ಆಸೆ ಇನ್ನೂ ಹೋಗಿಲ್ರಿ. ಆದ್ರ ಅದಕ್ಕಿಂತ ದೊಡ್ಡ ಆಸೆ ಒಂದೈತಿ. ನಮ್ಮ ಮನಿಯವರು ಒಂದ ಸಲ ಅವರ ಅಮ್ಮನ ಮುಂದ ಖರೇ ಹೇಳಬೇಕು," ಎನ್ನುತ್ತಾರೆ ಗುಲನಾಜ.

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದಾಗ ಗುಲನಾಜ, ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿರುವ ಅಮೀನುದ್ದೀನರತ್ತ ನೋಡುತ್ತಾರೆ. ಅಮೀನುದ್ದೀನರು ಬೈಕಿನ ಕೀಲಿ ಜೇಬಿಗಿಟ್ಟು ಒಳಗೆ ಬರುತ್ತಾರೆ.

"ಬರೀರಿ, ನನ್ನ ಹೆಸರು ಹಾಕೇ ಬರೀರಿ. ಅಮ್ಮಗ ಓದಾಕ ಬರಂಗಿಲ್ಲ. ನಾನ ಓದಿ ಹೇಳ್ತೇನಿ."