ಕಜ್ಜಿ ನಾಯಿಯ ಐದು ರವಿವಾರ

ಕಜ್ಜಿಯ ಹುಳುವನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಇಂಡಿ ಊರಿನ ದನದ ದವಾಖಾನೆಯಲ್ಲಿ. ಅಲ್ಲಿನ ಪಶುವೈದ್ಯೆ ನಮ್ಮ ನಾಯಿಯ ಕಿವಿಯಂಚಿಗೆ ಒಂದು ಹನಿ ಎಣ್ಣೆ ಹಚ್ಚಿದರು. ಚರ್ಮ ನಸುಗೆಂಪಾಗುವ ತನಕ ಮೊಂಡು ಬ್ಲೇಡಿನಿಂದ ಕೆರೆದರು. ಬಂದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ನನ್ನನ್ನು ಕರೆದರು.

“ನೋಡ್ರಿ ಸರ್, ನಡುವ ದುಂಡಗ ಒಂದು ಐತಲ್ಲಾ? ಅದ.”

ನೋಡಿದೆ. ನೆನೆದ ಸಾಬೂದಾಣಿಯ ಕಾಳಿನಂಥ ಜೀವಿಯೊಂದು ಮುಂಗಾಲುಗಳನ್ನು ಆಡಿಸುತ್ತಿತ್ತು.

“ಎಷ್ಟು ಕಾಲು?”

“ಎಂಟು. ಎಣಿಸ್ರಿ.”

“ನಾಲ್ಕ ಕಾಣತಾವ.”

“ಉಳಿದ ನಾಲ್ಕು ಹೊಟ್ಟಿ ಕೆಳಗ ಅದಾವ್ರಿ. ಬಾಳ ಗಿಡ್ಡ.”

ಹೆಣ್ಣುಹುಳು ಚರ್ಮದೊಳಗೆ ಸುರಂಗ ತೋಡಿ ಅಲ್ಲೇ ಮೊಟ್ಟೆ ಇಡುತ್ತದಂತೆ. ಔಷಧಕ್ಕೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಮತ್ತೆ ಮತ್ತೆ ಹಚ್ಚಬೇಕು. ಕೂದಲು ಕಡಿಮೆ ಇರುವ ಕಿವಿಯಂಚು, ಮೊಣಕೈಗಳನ್ನೇ ಅದು ಮೊದಲು ಯಾಕೆ ಆರಿಸಿಕೊಳ್ಳುತ್ತದೆ ಎಂದು ಕೇಳಬೇಕೆಂದಿದ್ದೆ. ಹಿಂದೆ ಎಮ್ಮೆ ಹಿಡಿದು ನಿಂತಿದ್ದ ರೈತ ಎರಡು ಸಲ ಕೆಮ್ಮಿದ. ಎದ್ದೆ.

ನಾಯಿ ನಮ್ಮದು ಎನ್ನುವುದು ಅರ್ಧ ನಿಜ. ಕಂದು ಬಣ್ಣದ ಹೆಣ್ಣು ನಾಯಿ. ನಾಲ್ಕು ವರ್ಷದಿಂದ ನಮ್ಮ ಕಟ್ಟೆಯ ಮೇಲೆ ಮಲಗುತ್ತದೆ. ನನ್ನ ಜೊತೆಗಿರುವ ಅಕ್ಕ ಎರಡು ಹೊತ್ತು ಅದಕ್ಕೆ ರೊಟ್ಟಿ ಹಾಕುತ್ತಾಳೆ. ಅಕ್ಕನದು ಕಟ್ಟುನಿಟ್ಟಿನ ಮಡಿ. ರೊಟ್ಟಿ ದೂರದಿಂದ ಬೀಳುತ್ತದೆ, ನಾಯಿಯೂ ಆ ದೂರವನ್ನು ಕಲಿತುಕೊಂಡಿದೆ. ಆ ವರ್ಷ ದೀಪಾವಳಿಯ ಹೊತ್ತಿಗೆ ಅದರ ಕಿವಿ, ಮೊಣಕೈ, ಹೊಟ್ಟೆಯ ಕೂದಲು ಉದುರಿ, ಚರ್ಮ ಹಳೆಯ ಚಪ್ಪಲಿಯಂತೆ ದಪ್ಪಗಾಯಿತು. ಬೆನ್ನಲ್ಲೇ ಪಕ್ಕದ ಮನೆಯ ನಿಂಬೆ ವ್ಯಾಪಾರಿಯ ಮೊಮ್ಮಗಳ ಕೈಗೂ ತುರಿಕೆ ಹತ್ತಿತು. ಹುಡುಗಿ ನಾಯಿಯನ್ನು ಅಪ್ಪಿಕೊಂಡು ಆಡುವವಳು.

ವ್ಯಾಪಾರಿ ನಮ್ಮ ಗೇಟಿನಲ್ಲಿ ನಿಂತೇ ಹೇಳಿದ: “ಮಾಸ್ತರ್ರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಒಂದು ತಿಂಗಳು ನೋಡತೇನಿ. ಐದನೇ ರವಿವಾರಕ್ಕ ಇದು ಆರಾಮ ಆಗಿರಬೇಕು. ಇಲ್ಲಂದ್ರ ನಾನ ನಮ್ಮ ಟಂಟಂ ಗಾಡ್ಯಾಗ ಹಾಕ್ಕೊಂಡು ಸಿಂದಗಿ ರಸ್ತಾಕ್ಕ ಬಿಟ್ಟು ಬರತೇನಿ.”

ಮೈಮೇಲೆ ಕೂದಲಿಲ್ಲದ ನಾಯಿ ಬೇರೆ ನಾಯಿಗಳ ಸರಹದ್ದಿನಲ್ಲಿ ಎಷ್ಟು ದಿನ ಬದುಕೀತು? ಅವನ ಮಾತೂ ತಪ್ಪಲ್ಲ. ಮೊಮ್ಮಗಳು ಅವನವಳು.

ಹೋಗುವಾಗ ಗಾಡಿಯ ಸುಟ್ಟ ಆಯಿಲ್ ಬಳಿಯಲು ಹೇಳಿ ಹೋದ. ಹಾಲಿನವನು ನಿಂಬೆಹಣ್ಣು ಕೊಯ್ದು ಉಪ್ಪು ಹಚ್ಚಿ ತಿಕ್ಕಲು ಹೇಳಿದ. ಪಶುವೈದ್ಯೆಗೆ ಎರಡನ್ನೂ ಒಪ್ಪಿಸಿದೆ.

“ಎರಡೂ ಬ್ಯಾಡ್ರಿ ಸರ್. ಆಯಿಲ್ ನೆಕ್ಕಿದ್ರ ಸಾಯತೈತಿ. ನಿಂಬಿ ಹಚ್ಚಿದ್ರ ಉರಿಗೆ ಊರ ಬಿಟ್ಟ ಓಡತೈತಿ.”

ನೀರಿನಲ್ಲಿ ಬೆರೆಸಿ ಹಚ್ಚುವ ಔಷಧ ಕೊಟ್ಟರು. ಅಳತೆ, ಕೈಗವಸು, ಕಣ್ಣಿಗೆ ತಾಗದ ಎಚ್ಚರ, ಕಾಲ್ಬೆರಳ ಸಂದಿ, ಮಲಗುವ ಗೋಣಿಚೀಲವನ್ನು ಕುದಿಯುವ ನೀರಿನಲ್ಲಿ ಅದ್ದುವುದು, ಹಚ್ಚಿದ ಮೇಲೆ ತೊಳೆಯದೆ, ನೆಕ್ಕಲು ಬಿಡದೆ ಆರಲು ಬಿಡುವುದು: ಎಲ್ಲ ನನ್ನ ಲೆಕ್ಕದ ವಹಿಯಲ್ಲಿ ಬರೆದುಕೊಂಡೆ. ನೆಕ್ಕದಂತೆ ಕೊರಳಿಗೆ ಹಾಕಲು ಪ್ಲಾಸ್ಟಿಕ್ಕಿನ ಅಗಲ ಪಟ್ಟಿಯನ್ನೂ ಕೊಟ್ಟರು. ರವಿವಾರ ಆರೂವರೆಗೆ ಹಿತ್ತಲಿನ ಬೇವಿನ ಮರಕ್ಕೆ ನಾಯಿಯನ್ನು ಕಟ್ಟುತ್ತಿದ್ದೆ. ಮೊದಲು ಬೆರಳ ಸಂದಿಯ ಉಣ್ಣೆಹುಳುಗಳನ್ನು ಚಿಮಟಿಗೆಯಿಂದ ಕಿತ್ತು ಸಾಬೂನಿನ ನೀರಿಗೆ ಹಾಕುವುದು, ಆಮೇಲೆ ಸ್ಪಂಜಿನಿಂದ ಔಷಧ. ಏಳು ಗಂಟೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಗುಣ ಎಷ್ಟು ಎಂದು ತಿಳಿಯಲು ಶನಿವಾರ ಸಂಜೆ ಅರ್ಧ ಗಂಟೆ ಕುರ್ಚಿ ಹಾಕಿಕೊಂಡು ಕೂತು, ನಾಯಿ ಎಷ್ಟು ಸಲ ಕೆರೆದುಕೊಳ್ಳುತ್ತದೆ ಎಂದು ಎಣಿಸುತ್ತಿದ್ದೆ. ಮೊದಲ ರವಿವಾರದ ಹಿಂದಿನ ದಿನ ಮೂವತ್ತೊಂದು ಸಲ. ಒಂದು ವಾರದ ಮೇಲೆ ಮೂವತ್ತು. ಎರಡನೆಯ ರವಿವಾರ ಕಳೆದ ಮೇಲೆ ಮೂವತ್ತನಾಲ್ಕು.

ಆ ಶನಿವಾರ ರಾತ್ರಿ ಊಟ ಸೇರಲಿಲ್ಲ. ವೈದ್ಯೆಗೆ ಫೋನ್ ಮಾಡಿದೆ.

“ಅಳತಿ ಸರಿ ಐತಿ, ಔಷಧನೂ ಹೊಸಾದು,” ಎಂದು ಅವರು ಯೋಚಿಸಿದರು. “ಹಚ್ಚಿದ ಮ್ಯಾಲ ಆರಾಕ ಎಷ್ಟೊತ್ತು ಹಿಡಿತೈತ್ರಿ?”

ವಹಿ ತೆಗೆದೆ. ‘7.05 ಔಷಧ ಮುಕ್ತಾಯ. 7.05 ರಿಂದ 7.35 ಸ್ನಾನ, ಸಂಧ್ಯಾವಂದನೆ.’ ನಾಯಿಯ ಬಗ್ಗೆ ಒಂದಕ್ಷರವಿಲ್ಲ. ಓದಿ ಹೇಳಿದೆ.

“ಅಲ್ರಿ ಸರ್, ನಾಯಿ ಬಿಟ್ಟು ನಿಮ್ಮ ಜಳಕಾ ಬರದೀರಲ್ರೀ!”

ನಾಯಿ ಮುಟ್ಟಿದ ಮೇಲೆ ಸ್ನಾನ ಮಾಡಲೇಬೇಕು ಎನ್ನುವುದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳುವ ವಿಷಯವಲ್ಲ. ಆ ಅರ್ಧ ಗಂಟೆ ಹಿತ್ತಲಿನಲ್ಲಿ ಏನು ನಡೆಯುತ್ತದೆ? ಮುದ್ದೇಬಿಹಾಳದ ಶಾಲೆಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಯೋಗದ ಪಾಠ ಹೇಳಿದವನಿಗೆ ಈ ಪ್ರಶ್ನೆ ತಾನಾಗಿ ಹೊಳೆದಿರಲಿಲ್ಲ.

ಮಾರನೆಯ ದಿನ, ಮೂರನೆಯ ರವಿವಾರ, ಔಷಧ ಹಚ್ಚಿ ಬಚ್ಚಲಿಗೆ ಹೋಗದೆ ಹಿತ್ತಲ ಬಾಗಿಲ ಒಳಗೇ ನಿಂತೆ. ಎರಡು ನಿಮಿಷಕ್ಕೆ ಅಕ್ಕ ತಾಮ್ರದ ಕೊಡ ಹೊತ್ತು ಬಂದಳು. ನಾಯಿಯಿಂದ ಮೂರು ಮೊಳ ದೂರ ನಿಂತು, ಸೆರಗು ಸಿಕ್ಕಿಸಿ, ಕೊಡ ಎತ್ತಿದಳು. ನಾಯಿ ಅಭ್ಯಾಸವಾದ ಹಾಗೆ ತಲೆ ತಗ್ಗಿಸಿ ನಿಂತಿತು.

“ಅಕ್ಕಾ! ನಿಲ್ಲು!”

“ಯಾಕ ಒದರತೀ? ಇನ್ನ ಜಳಕಾ ಆಗಿಲ್ಲೇನು ನಿಂದು?”

“ನೀ ಏನ ಮಾಡಲಿಕ್ಕತ್ತೀ?”

“ಕಾಣವಲ್ಲದೇನು? ಆ ಹೊಲಸು ತೊಳೀಲಿಕ್ಕತ್ತೀನಿ. ಅದನ್ನ ಮುಟ್ಟಿ ನೀ ಜಳಕಾ ಮಾಡ್ತಿ, ಅದಕ್ಕ ಬ್ಯಾಡೇನು? ಹಂಗ ಕಟ್ಟಿ ಮ್ಯಾಲ ಬಂದು ಕೂಡ್ತದ, ಬಾಜೂಕ್ಕ ತುಳಸಿ ಅದ.”

“ಹೋದ ಎರಡೂ ರವಿವಾರ ತೊಳದಿ ಏನು?”

“ಮತ್ತ! ಎರಡೆರಡು ಕೊಡ ನೀರು. ನಿನಗ ನೆನಪಿರೂದಿಲ್ಲ, ನಾನರ ಮಾಡಬೇಕಲ್ಲ.”

ಸಿಟ್ಟು ಬಂತು, ಆದರೆ ನಿಲ್ಲಲಿಲ್ಲ. ಬಚ್ಚಲಲ್ಲಿ ನಾನು ನನಗೆ ಮಾಡಿಕೊಳ್ಳುತ್ತಿದ್ದುದನ್ನೇ ಅವಳು ಹಿತ್ತಲಲ್ಲಿ ನಾಯಿಗೆ ಮಾಡಿದ್ದಳು. ತೊಳೆಯಬಾರದು ಎಂದು ವಹಿಯಲ್ಲಿ ಬರೆದುಕೊಂಡಿದ್ದೆ, ಅವಳಿಗೆ ಹೇಳಿರಲಿಲ್ಲ. ಹುಳು, ಸುರಂಗ, ಮೊಟ್ಟೆ ಎಲ್ಲ ಹೇಳಿದೆ. ಅಕ್ಕ ಕೊಡ ಕೆಳಗಿಟ್ಟು ಕೇಳಿದಳು.

“ಅಂದ್ರ ಅದು ತಾನ ಆರಬೇಕು. ಆರೂತನಕಾ ಯಾರೂ ಮುಟ್ಟಬಾರದು, ನೀರು ಸೋಕಬಾರದು. ಅಷ್ಟ?”

“ಅಷ್ಟ.”

“ಮಡಿ ಸೀರಿ ಒಣಗಿಸಿದಂಗ ಅಂತ ಹೇಳಬಾರದೇನೋ ಹುಚ್ಚಾ? ಹುಳದ ಕಾಲು ಎಣಿಸಿಕೋತ ಕೂತಿ!”

ಅರವತ್ತು ವರ್ಷದಿಂದ ಅಕ್ಕ ತನ್ನ ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ, ಯಾರ ಕೈಗೂ ಎಟುಕದ ಗಳದ ಮೇಲೆ ಹರವಿ, ಆರುವ ತನಕ ಕಾಯುತ್ತ ಬಂದವಳು. ಅಂದಿನಿಂದ ನಾಯಿಯನ್ನು ಕಾಯುವ ಕೆಲಸ ಅವಳದಾಯಿತು. ನೆರಳಿನಲ್ಲಿ ಮಣೆ ಹಾಕಿ ಕೂರುತ್ತಿದ್ದಳು. ಕೊರಳಪಟ್ಟಿ ಇದ್ದರೂ ನಾಯಿ ನೆಕ್ಕಲು ತಿರುಗಿದರೆ ಕೋಲು ನೆಲಕ್ಕೆ ಬಡಿಯುತ್ತಿದ್ದಳು. ಮುಂದಿನ ಶನಿವಾರ ಎಣಿಕೆ ಹತ್ತೊಂಬತ್ತಕ್ಕೆ ಇಳಿಯಿತು. ನಾಲ್ಕನೆಯ ರವಿವಾರದ ನಂತರದ ಶನಿವಾರ ಒಂದೇ ಒಂದು ಸಲ.

ಐದನೆಯ ರವಿವಾರ ಏಳೂಕಾಲಿಗೆ ಟಂಟಂ ಬಂದು ಗೇಟಿಗೆ ನಿಂತಿತು. ವ್ಯಾಪಾರಿಯ ಕೈಯಲ್ಲಿ ಹಗ್ಗವಿತ್ತು. ಔಷಧ ಹಚ್ಚಿ ಹತ್ತು ನಿಮಿಷವಾಗಿತ್ತು ಅಷ್ಟೆ.

“ಎಲ್ಲಿ ಬಂದಾವ್ರೀ ಕೂದಲಾ?”

ಕಿವಿಯಂಚಿನಲ್ಲಿ ಎದ್ದಿದ್ದ ನವಿರು ಕೂದಲನ್ನು ತೋರಿಸಿದೆ.

“ಇದು ಧೂಳ್ರೀ ಮಾಸ್ತರ್ರ,” ಎಂದು ಅವನು ಹಗ್ಗದ ಕುಣಿಕೆ ಬಿಡಿಸುತ್ತ ಮುಂದೆ ಬಂದ.

“ಏ ತಮ್ಮಾ, ಅಲ್ಲೇ ನಿಂದರು!” ಅಕ್ಕ ಕೋಲು ಅಡ್ಡ ಹಿಡಿದಳು. “ಇನ್ನ ಆರಿಲ್ಲ. ಮುಟ್ಟಬ್ಯಾಡ.”

“ಅವ್ವಾರ, ನಾಯೀಗೂ ಮಡಿ ಹಚ್ಚಿದ್ರೇನು?”

“ಹಚ್ಚೀನಿ. ಆರೂತನಕಾ ನನ್ನ ತಮ್ಮನೂ ಮುಟ್ಟಂಗಿಲ್ಲ. ನೀ ಯಾವ ಗಿಡದ ತಪ್ಪಲಾ?”

“ಎಷ್ಟೊತ್ತು ಬೇಕ್ರಿ?”

“ಒಂದು ತಾಸು. ಕೂಡು, ಚಹಾ ಕೊಡ್ತಾನ.”

ಒದ್ದೆ ನಾಯಿಯನ್ನು ಗಾಡಿಗೆ ಹಾಕಿದರೆ ನಿಂಬೆ ಚೀಲಗಳಿಗೂ ಔಷಧ ಮೆತ್ತುತ್ತದೆ ಎಂದು ಅವನಿಗೂ ಹೊಳೆದಿರಬೇಕು. ಕೂತ. ಮೊಬೈಲಿನಲ್ಲಿ ಮಾರ್ಕೆಟ್ಟಿನ ದರ ನೋಡಿದ, ಚಹಾ ಕುಡಿದ, ಬೇರೆ ಕೆಲಸವಿಲ್ಲದೆ ನಾಯಿಯನ್ನೇ ನೋಡತೊಡಗಿದ. ಅಷ್ಟರಲ್ಲಿ ನಾನು ಸ್ನಾನ ಮುಗಿಸಿ ಬಂದು ಕೂತೆ.

“ಮಾಸ್ತರ್ರ, ನಾ ಕುಂತಾಗಿಂದ ಇದು ಒಮ್ಮಿನೂ ಕೆರಕೊಂಡಿಲ್ಲಲ್ರೀ.”

“ಇಲ್ಲ.”

“ಔಷಧದ ನಶಾ ಏರಿರಬೇಕು.”

“ಇರಬಹುದು, ಸ್ವಲ್ಪ ಮಂಪರ ಬರತದ. ಆದರ ನಿನ್ನೆ ಸಂಜೀಕ ನಶಾ ಇರಲಿಲ್ಲ. ಅರ್ಧ ತಾಸಿನಾಗ ಒಮ್ಮೆ ಕೆರಕೊಂಡದ. ನಾ ಎಣಿಸೀನಿ.”

ಅವನು ಹಗ್ಗವನ್ನು ಮೊಣಕಾಲ ಮೇಲಿಟ್ಟ. “ನಮ್ಮ ಹುಡುಗಿ ಕೈನೂ ಕಡಿಮಿ ಆಗೇತಿ ಬಿಡ್ರಿ. ಆದರ ಅದು ಡಾಕ್ಟರ್ ಕೊಟ್ಟ ಮುಲಾಮಿನಿಂದ.”

“ಅದೂ ಇರಬಹುದು.”

ತಾಸು ತುಂಬಿತು. ಅಕ್ಕ ಎದ್ದು ನಿಂತು ಯಾರು ಮುಟ್ಟಿ ನೋಡಬೇಕೆಂದು ಯೋಚಿಸಿದಳು. ಅವಳು ಮುಟ್ಟುವಂತಿಲ್ಲ. ನಾನು ಆಗಲೇ ಸ್ನಾನ ಮುಗಿಸಿ ಬಂದಿದ್ದೆ.

“ತಮ್ಮಾ, ನಿಂದು ಜಳಕಾ ಆಗೇದೇನು?”

“ಇನ್ನ ಇಲ್ರೀ.”

“ಹಂಗಾರ ನೀನ ನೋಡು. ಆರೇದೇನು?”

ಅವನು ನನ್ನ ಮುಖ ನೋಡಿದ. ಕೈಗವಸು ಚಾಚಿದೆ. ಹಾಕಿಕೊಂಡ, ಕುಕ್ಕರಗಾಲಿನಲ್ಲಿ ಕೂತು ನಾಯಿಯ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ ಯಾರೂ ಹೇಳದೆಯೇ ಕಿವಿಯಂಚನ್ನು ಬೆರಳ ನಡುವೆ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದ.

“ಆರೇತ್ರಿ ಅವ್ವಾರ,” ಎಂದ. ಮರದ ಗಂಟನ್ನು ತಾನೇ ಬಿಚ್ಚಿದ. “ಬರೇ ಧೂಳಲ್ಲ ಬಿಡ್ರಿ.”

ನಾಯಿ ಮೈ ಕೊಡವಿ ಕಟ್ಟೆಯ ಕಡೆ ಹೋಯಿತು. ಅವನು ಹಗ್ಗ ಸುತ್ತಿ ಟಂಟಂ ಹತ್ತಿದ. ನಿಂಬೆ ಮಾರ್ಕೆಟ್ಟಿಗೆ ಆಗಲೇ ಹೊತ್ತಾಗಿತ್ತು.