ಅತ್ತಿಗೆ ಜೋಡಿಸಿದ ಆರ್ಗನ್

ಅತ್ತಿಗೆಯನ್ನು ಕಂಡು ನಾನು ಹೊಟ್ಟೆಕಿಚ್ಚು ಪಟ್ಟದ್ದು ಚರ್ಚಿನ ಆರ್ಗನ್ನಿನ ದೆಸೆಯಿಂದ.

ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಅಪ್ಪನಿಗೆ ರಾಮಾಪುರದ ಆಚೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಅಣ್ಣ ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಆ ಊರಿನ ಚರ್ಚಿಗೆ ಆರ್ಗನ್ ತರಿಸಿದವರು ಪರದೇಶದ ಒಬ್ಬ ಪಾದ್ರಿ. ಹಡಗಿನಲ್ಲಿ ಮದರಾಸಿಗೆ ಬಂದದ್ದು, ಕೊಳ್ಳೇಗಾಲದಿಂದ ಊರಿಗೆ ಎತ್ತಿನ ಗಾಡಿಯಲ್ಲಿ, ಹುಲ್ಲಿನೊಳಗೆ ಹುದುಗಿ ಬಂತಂತೆ. ಬೀರುವಿಗಿಂತ ತುಸು ದೊಡ್ಡದು. ಎದುರಿಗೆ ಸೀಸದ ಬಣ್ಣದ ಕೊಳವೆಗಳು, ಹಿಂದೆ ಗಾಳಿಯ ತಿದಿ. ಒಬ್ಬರು ನುಡಿಸುವಷ್ಟು ಹೊತ್ತೂ ಇನ್ನೊಬ್ಬರು ಹಿಂದೆ ನಿಂತು ತಿದಿ ಒತ್ತುತ್ತಿರಬೇಕು. ಪಾದ್ರಿ ತೀರಿಕೊಂಡ ಮೇಲೆ ಇಲಿಗಳು ತಿದಿಯ ಚರ್ಮವನ್ನು ತಿಂದು, ಅದು ಎಷ್ಟೋ ವರ್ಷ ಸುಮ್ಮನೆ ನಿಂತಿತ್ತು.

ನಾನು ಬಿ.ಎ. ಮುಗಿಸಿ ಬಂದ ವರ್ಷ ಚರ್ಚಿಗೆ ಬಂದ ಹೊಸ ಪಾದ್ರಿ ಸ್ವಾಮಿಗಳು ಅದನ್ನು ರಿಪೇರಿ ಮಾಡಿಸಲು ಹೊರಟರು. ಹಾಸ್ಟೆಲಿನ ಕನ್ಯಾಸ್ತ್ರೀಯರ ಬಳಿ ನಾನು ಪಿಯಾನೊ ಕಲಿತಿದ್ದೆ. ಚರ್ಚಿನ ವರ್ಷದ ಹಬ್ಬದ ಪೂಜೆಗೆ ನಾನೇ ನುಡಿಸಬೇಕೆಂದು ಯಾರೂ ಹೇಳಿರಲಿಲ್ಲ, ನಾನು ಅಂದುಕೊಂಡಿದ್ದೆ.

ತಮಟೆ ಕಟ್ಟುವವರು ತಿದಿಗೆ ಹೊಸ ಮೇಕೆ ಚರ್ಮ ಹಾಕಿಕೊಟ್ಟರು. ನಾನು ಕೊಳವೆಗಳನ್ನು ಕಳಚಿ, ಒಂದೊಂದಕ್ಕೂ ಸಂಖ್ಯೆ ಬರೆದ ಚೀಟಿಯನ್ನು ಗಂಜಿಯಿಂದ ಅಂಟಿಸಿ, ಚರ್ಚಿನ ಜಗಲಿಯಲ್ಲಿ ಸಾಲಾಗಿಟ್ಟೆ. ಮರುದಿನ ಹೋಗಿ ನೋಡಿದರೆ, ಹಬ್ಬಕ್ಕೆಂದು ಮೇಣದಬತ್ತಿಯ ಕಂಬ ಬೆಳಗಲು ಬಂದ ಹೆಂಗಸರು ಕೊಳವೆಗಳನ್ನೂ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಬಿಸಿಲಿಗೆ ಬೋರಲು ಹಾಕಿದ್ದರು. ಒಂದು ಚೀಟಿಯೂ ಉಳಿದಿರಲಿಲ್ಲ.

"ಎಂಗ್ ಒಳೀತಾವೆ ನೋಡವ್ವ," ಎಂದು ಒಬ್ಬಾಕೆ ನನ್ನ ಮೆಚ್ಚುಗೆಗೆ ಕಾದಳು.

ನಾನು ಟೇಪು ಹಿಡಿದು, ಉದ್ದ ಅಳೆದು ಜೋಡಿಸಿದೆ. ನುಡಿಸಿದರೆ ಸ್ವರಗಳು ದಿಕ್ಕುಗೆಟ್ಟು ಹಾರಾಡಿದವು. ಕೊಳವೆಗಳ ಬುಡ ಒಂದೊಂದು ಅಳತೆಯದು. ಸ್ವರದ ಲೆಕ್ಕಕ್ಕೆ ಬರುವುದು ಬುಡದ ಮೇಲೆ ಸೀಳಿರುವ ಬಾಯಿಯಿಂದ ಮೇಲಿನ ಭಾಗ ಮಾತ್ರ ಎಂಬುದು ನನಗೆ ತಿಳಿದಿರಲಿಲ್ಲ.

ತಿದಿ ಒತ್ತುತ್ತಿದ್ದ ಅತ್ತಿಗೆ ಈಚೆ ಬಂದಳು. ಅವಳು ಓದಿದ್ದು ಮೂರನೆಯ ಕ್ಲಾಸು; ಮನೆಯಲ್ಲಿ ದಿನವಿಡೀ ರೇಷ್ಮೆ ನೂಲು ತೆಗೆಯುತ್ತಿದ್ದಳು. ಚಿಕ್ಕಂದಿನಲ್ಲಿ ಹಳೆಯ ಪಾದ್ರಿಗೆ ತಿದಿ ಒತ್ತಿದವಳು ಅವಳೇ ಎಂದು, ಅವರು ಅವಳಿಗೆ ಹಾಡುಗಳನ್ನು ನುಡಿಸಲು ಕಲಿಸಿದ್ದರೆಂದು ನನಗೆ ಗೊತ್ತಾದದ್ದು ಆವತ್ತು. ಒಂದೊಂದು ಕೊಳವೆಯನ್ನೂ ಬಾಯಿಗಿಟ್ಟು ಮೆಲ್ಲಗೆ ಊದಿ, ತಲೆ ಓರೆ ಮಾಡಿ ಕೇಳಿ, ಸಂಜೆಯೊಳಗೆ ಎಲ್ಲವನ್ನೂ ಜಾಗಕ್ಕೆ ಸೇರಿಸಿದಳು. ಸ್ವಾಮಿಗಳು ಅವಳಿಗೆ ಒಂದು ಹಾಡು ನುಡಿಸಲು ಹೇಳಿ, ಕೇಳಿದರು. ಆಮೇಲೆ, ಹಬ್ಬದ ದಿನ ನೀನು ತಿದಿ ಒತ್ತುತ್ತೀಯಾ ತಾಯಿ, ಎಂದು ನನ್ನನ್ನು ಕೇಳಿದರು. ಆ ದಿನ ನನಗೆ ತಲೆನೋವು ಎಂದೆ. ಹಬ್ಬಕ್ಕೆ ಇನ್ನೂ ನಾಲ್ಕು ದಿನವಿತ್ತು.

ಪೂಜೆಯಲ್ಲಿ ಹೆಂಗಸರ ನಡುವೆ ಕುಳಿತು ಅವಳ ತಪ್ಪಿಗಾಗಿ ಕಾದೆ. ಪ್ರಾರ್ಥನೆ ಒಂದೂ ಕಿವಿಗೆ ಬೀಳಲಿಲ್ಲ. ಮೂರನೆಯ ಹಾಡಿನಲ್ಲಿ ಸಿಕ್ಕಿತು: ತೀರ ಮೇಲಿನ ಎರಡು ಸ್ವರಗಳು ಅದಲುಬದಲಾಗಿ ಕೇಳಿಸಿದವು. ಬೇರೆ ಯಾರೂ ಗಮನಿಸಿದಂತೆ ಕಾಣಲಿಲ್ಲ. ನನಗೆ ಹಬ್ಬವಾದದ್ದು ಆಗ.

ಮನೆಗೆ ಬರುವ ದಾರಿಯಲ್ಲಿ, ಉಪಕಾರ ಮಾಡುವವಳ ಹಾಗೆ, ಅದನ್ನು ಅವಳಿಗೆ ಹೇಳಿದೆ.

"ಗೊತ್ತದೆ ಅಮ್ಮಣ್ಣಿ," ಎಂದಳು. "ಅವೆರಡ ನೀವು ಇಟ್ಟಂಗೇ ಬುಟ್ಟಿವ್ನಿ. ಎಲ್ಲಾನೂ ಕಿತ್ತಾಕುದ್ರೆ ನಿಮ್ಗೆ ಬೇಜಾರಾಯ್ತದೆ ಅಂತ."

ಅವಳು ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಒಬ್ಬಳೇ ಹೋಗಿ ಆ ಎರಡು ಕೊಳವೆಗಳನ್ನು ಸರಿಯಾದ ಜಾಗಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಮುಂದಿನ ಭಾನುವಾರ ಆ ಸ್ವರಗಳ ಮೇಲೆ ಅವಳ ಬೆರಳು ಒಂದು ಗಳಿಗೆ ತಡೆಯಿತು. ನನ್ನ ಕಡೆ ತಿರುಗಿ ನೋಡಲಿಲ್ಲ. ಹಾಡು ಮುಂದೆ ಹೋಯಿತು. ಕೊನೆಯವರೆಗೂ ಕೇಳಿದೆ, ಹುಡುಕಲು ನನಗೆ ಏನೂ ಉಳಿದಿರಲಿಲ್ಲ.